ಅಮಾವಾಸ್ಯೆಯ ಪುರಾತತ್ವ ಇಲಾಖೆ

ನಿಧಿಗಳ್ಳರು ಸಿಕ್ಕಿಬಿದ್ದ ಆ ಫೋಟೋ ನೀವೂ ನೋಡಿರುತ್ತೀರಿ. ಒಂದು ತಿಂಗಳು ಹಾಸನದ ಪುಟದಲ್ಲಿ ಬರುತ್ತದೆ, ಇನ್ನೊಂದು ತಿಂಗಳು ಚಿಕ್ಕಮಗಳೂರಿನ ಪುಟದಲ್ಲಿ. ಊರಿನ ಹೆಸರು ಬದಲಾಗುತ್ತದೆ, ಫೋಟೋ ಬದಲಾಗುವುದಿಲ್ಲ. ಠಾಣೆಯ ಮುಂದೆ ಒಂದು ಪ್ಲಾಸ್ಟಿಕ್ ಟೇಬಲ್. ಅದರ ಮೇಲೆ ಹಾರೆ, ಪಿಕಾಸಿ, ಸಲಿಕೆ, ಹಗ್ಗ, ಏಳೆಂಟು ನಿಂಬೆಹಣ್ಣು, ಒಂದು ಪೊಟ್ಟಣ ಕುಂಕುಮ, ಅರ್ಧ ಉರಿದ ಊದಿನಕಡ್ಡಿ ಕಟ್ಟು. ನಡುಮಧ್ಯೆ ಮುಖ್ಯ ಅತಿಥಿಗಳಾದ ಶ್ರೀ ಮೆಟಲ್ ಡಿಟೆಕ್ಟರ್. ಹಿಂದೆ ಸಾಲಾಗಿ ಪೊಲೀಸರು, ಮುಂದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ ಸಂಶೋಧಕರು. ಕೋಳಿ ಮಾತ್ರ ಫೋಟೋದಲ್ಲಿ ಇರುವುದಿಲ್ಲ. ಅದು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದೂ ಇಲ್ಲ.

ಈ ಸಂಶೋಧಕರ ಬಗ್ಗೆ ನನಗೆ ಗೌರವವಿದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಗಳ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ನಾವೆಲ್ಲ ಅದನ್ನು ಓದಿ ಪಾಸಾಗಿ ಮರೆತೆವು, ಇವರು ಆಚರಣೆಗೆ ತಂದರು. ಹಿಂದೆಲ್ಲ ನಿಧಿ ನೋಡಬೇಕೆಂದರೆ ಅಂಗೈಗೆ ಅಂಜನ ಹಚ್ಚಬೇಕಿತ್ತು, ಇಲ್ಲವೇ ಕಾಲು ಮುಂದಾಗಿ ಹುಟ್ಟಿದವನನ್ನು ಊರೂರು ಸುತ್ತಿ ಹುಡುಕಬೇಕಿತ್ತು. ಈಗಿನ ಹೆರಿಗೆಗಳೆಲ್ಲ ಸಿಸೇರಿಯನ್. ಕಾಲು ಮುಂದಾಗಿ ಹುಟ್ಟುವವರನ್ನು ಎಲ್ಲಿಂದ ತರುವುದು? ಹಾಗಾಗಿ ಆನ್‌ಲೈನ್‌ನಲ್ಲಿ ಯಂತ್ರ ತರಿಸುತ್ತಾರೆ. ಯಂತ್ರ ಬಂತೆಂದು ಪೂಜಾರಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಅದು ಇವರ ದೊಡ್ಡ ಗುಣ. ಕೀಂ ಎನ್ನುವುದು ಯಂತ್ರದ ಕೆಲಸ, ಘಟಸರ್ಪವನ್ನು ಪಕ್ಕಕ್ಕೆ ಸರಿಸುವುದು ಪೂಜಾರಪ್ಪನ ಕೆಲಸ. ಅಗೆದಲ್ಲಿ ಏನೂ ಸಿಗದಿದ್ದರೆ ಪೂಜಾರಪ್ಪ "ನಿಧಿ ಸರಿದುಹೋಯ್ತು ಕಣ್ರಪ್ಪಾ, ಮೈಲಿಗೆಯಾಗಿದೆ" ಅನ್ನುತ್ತಾನೆ. ಡಿಟೆಕ್ಟರ್ ಹಿಡಿದವನು ಬ್ಯಾಟರಿ ವೀಕ್ ಅನ್ನುತ್ತಾನೆ. ದುಡ್ಡು ಹಾಕಿದವನು ಇಬ್ಬರ ಮಾತನ್ನೂ ನಂಬಿ ಮುಂದಿನ ಅಮಾವಾಸ್ಯೆಗೆ ಹೆಂಡತಿಯ ಸರ ಅಡವಿಡುತ್ತಾನೆ. ನೆಲದೊಳಗಿನ ಬಂಗಾರ ಹೊರಗೆ ಬರುವ ಮುಂಚೆ ಮನೆಯೊಳಗಿನ ಬಂಗಾರ ಹೊರಗೆ ಬಂದಿರುತ್ತದೆ.

ಯಂತ್ರದ್ದೇನೂ ಮಾಟವಲ್ಲ. ಸುರುಳಿಯಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಹುಟ್ಟುತ್ತದೆ, ನೆಲದಲ್ಲಿ ಲೋಹವಿದ್ದರೆ ಅದರಲ್ಲೂ ಸಣ್ಣ ಪ್ರವಾಹ ಹುಟ್ಟುತ್ತದೆ, ಸುರುಳಿಗೆ ಅದು ಗೊತ್ತಾಗುತ್ತದೆ. ಒಂದು ನಾಣ್ಯ ಗೇಣುದ್ದ ಆಳದಲ್ಲಿದ್ದರೆ ಸಿಕ್ಕೀತು. ಬಾವಿಯಾಳದ ಕೊಪ್ಪರಿಗೆಯನ್ನೂ ತೋರಿಸುತ್ತದೆ ಎಂದು ವಿಡಿಯೋದಲ್ಲಿ ಹೇಳುವವನು ಯಂತ್ರ ಮಾರುವವನು, ಅಗೆಯುವವನಲ್ಲ. ಇನ್ನು ನೆಲವೋ, ನಮ್ಮದು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಸೀಮೆ ಇದು. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೂ ಗುಡ್ಡ ಗುಡ್ಡವೇ ಕರಗಿ ಕಬ್ಬಿಣವಾಗಿ ಹೋಯಿತು. ಮಣ್ಣಲ್ಲೇ ಕಬ್ಬಿಣ ತುಂಬಿಕೊಂಡ ಬಾಬಾಬುಡನ್ ಗಿರಿಯ ತಪ್ಪಲಲ್ಲಿ ಡಿಟೆಕ್ಟರ್ ಹಿಡಿದು ನಿಂತರೆ ಅದು ಸುಮ್ಮನಾಗುವುದಾದರೂ ಯಾವಾಗ? ನಿಂತಲ್ಲೂ ಕೀಂ, ಕೂತಲ್ಲೂ ಕೀಂ. ಅದು ಹೊಯ್ಸಳರ ಭಂಡಾರವೆಂದು ಇವರು ರಾತ್ರಿಯಿಡೀ ಅಗೆಯುತ್ತಾರೆ.

ಮಣ್ಣು ಸುಮ್ಮನಿದ್ದ ಕಡೆ ಸಿಗುವುದೇನು? ಎತ್ತಿನ ಲಾಳ, ಸೋಡಾ ಬಾಟಲಿಯ ಮುಚ್ಚಳ, ಬೇಲಿ ತಂತಿಯ ತುಂಡು, ಒಳಗೆ ಫಳಫಳ ಹೊಳೆಯುವ ಗುಟ್ಕಾ ಚೀಟಿ. ಮೂಡಿಗೆರೆ ಕಡೆ ತೋಟದ ಲೆಕ್ಕ ನೋಡುವ ರೈಟರೊಬ್ಬರು ಹೇಳಿದ್ದು: ಕಾಫಿ ಗಿಡದ ನಡುವೆ ಯಾರೋ ರಾತ್ರಿ ಆಳುದ್ದ ಗುಂಡಿ ತೋಡಿ ಹೋಗಿದ್ದರಂತೆ. ಬೆಳಗ್ಗೆ ನೋಡಿದರೆ ಗುಂಡಿಯ ದಡದಲ್ಲಿ ಸ್ಪ್ರಿಂಕ್ಲರಿನ ಹಿತ್ತಾಳೆ ಜೆಟ್ಟು. "ಕಳ್ಳತನ ಆಯ್ತು ಅಂತ ಆಗಿನ ಆಳನ್ನ ಬೈದು ಕಳಿಸಿದ್ವಿ ಸಾರ್. ಪಾಪ, ಅಲ್ಲೇ ಹೂತೋಗಿತ್ತು. ಅಗೆದೋರು ಸಿಕ್ಕಿದ್ರೆ ಒಂದು ಕಾಫಿ ಕುಡಿಸ್ತಿದ್ದೆ."

ಹೊಯ್ಸಳರ ಭಂಡಾರ ಅಂದೆನಲ್ಲ, ಅದರ ಕಥೆ ಹೀಗಿದೆ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ ಬಂದ. ಅರಸ ಮೂರನೇ ವೀರಬಲ್ಲಾಳ ಆಗ ಊರಲ್ಲಿರಲಿಲ್ಲ. ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಪಾಲು ಹುಡುಕಲು ತೆಂಕಣಕ್ಕೆ ಹೋಗಿದ್ದ. ಓಡೋಡಿ ವಾಪಸು ಬಂದು ಶರಣಾಗಿ ಆನೆ, ಕುದುರೆ, ಬೊಕ್ಕಸ ಎಲ್ಲ ಒಪ್ಪಿಸಿದ. ಅಮಾವಾಸ್ಯೆಗೆ ಕಾಯದೆ, ಹಾಡಹಗಲೇ, ದೊಡ್ಡ ಸೈನ್ಯ ಕಟ್ಟಿಕೊಂಡು ಬಂದು ಒಯ್ದವನು ಆತ. ಅಷ್ಟು ಕಸುಬು ಗೊತ್ತಿದ್ದವನು ನಿಂಬೆಹಣ್ಣಿನವರಿಗೆಂದು ಒಂದು ಕೊಪ್ಪರಿಗೆಯನ್ನು ಬೇಲಿ ಬದಿಯಲ್ಲಿ ಬಿಟ್ಟುಹೋಗಿರುತ್ತಾನೆಯೇ? ಇದನ್ನು ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರ ಹತ್ತಿರ ವಾದಿಸಿ ನೋಡಿದೆ. "ಅವನಿಗೆ ಗೊತ್ತಿಲ್ಲದ್ದು ಇರುತ್ತೆ ಬಿಡಿ ಸಾ" ಅಂದರು. ನಂಬಿಕೆ ಅಂದರೆ ಅದು.

ಇನ್ನು ಕಾನೂನು. ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ಮಾಡಿದರು. ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕು ಎಂದು ಅದರಲ್ಲಿತ್ತು. ಇವತ್ತು ಹತ್ತು ರೂಪಾಯಿಗೆ ಬಸ್‌ಸ್ಟ್ಯಾಂಡಲ್ಲಿ ಬೈಟು ಟೀ ಕೇಳಿದರೂ ಮುಖ ನೋಡುತ್ತಾರೆ. ನಮ್ಮ ರಾಜ್ಯಕ್ಕೆ 1962ರದ್ದು ಬೇರೊಂದಿದೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಕಾಯ್ದೆ. ನಿಧಿಯ ಹೆಸರಲ್ಲಿ ನಡೆಯುವ ಬಲಿ ಗಿಲಿ ತಡೆಯಲು 2017ರಲ್ಲಿ ಮಾಡಿದ್ದು ಮತ್ತೊಂದು, ಜಾರಿಗೆ ಬಂದದ್ದು 2020ಕ್ಕೆ. ಕಾಯ್ದೆಗೆ ಬರವಿಲ್ಲ. ಕಾಯುವವರಿಗಿದೆ.

ಸಂರಕ್ಷಿತ ಸ್ಮಾರಕದ ಪಕ್ಕ ಮನೆ ಇರುವವರನ್ನು ಕೇಳಿ, ಅವರು ಹೇಳುತ್ತಾರೆ ಕಾನೂನು ಅಂದರೆ ಏನು ಅಂತ. ಸ್ಮಾರಕದಿಂದ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. ನೂರರೊಳಗೆ ಹೊಸದಾಗಿ ಕಟ್ಟುವ ಮಾತೇ ಇಲ್ಲ, ಸೋರುವ ಬಚ್ಚಲುಮನೆ ರಿಪೇರಿಗೂ ಅನುಮತಿ ಬೇಕು. ನಕ್ಷೆ, ಪಹಣಿ, ಫೋಟೋ, ಅರ್ಜಿ, ಅರ್ಜಿಯ ನೆನಪೋಲೆ. ಮಗಳ ಮದುವೆಗೆ ಮುಂಚೆ ಬಚ್ಚಲಾಗಬೇಕಿತ್ತು. ಮೊಮ್ಮಗು ಈಜು ಕಲಿಯಿತು, ಬಚ್ಚಲು ಸೋರುತ್ತಲೇ ಇದೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಅದೇ ಊರಿನ ಆಚೆ ದಿಬ್ಬದಲ್ಲಿ ರಾತ್ರಿ ಹತ್ತಡಿ ಗುಂಡಿ ತೋಡಲು ಯಾವ ನಕ್ಷೆಯೂ ಬೇಡ, ಒಂದು ಟಾರ್ಚು ಸಾಕು ಎನ್ನುವುದಷ್ಟೇ ನನ್ನ ತಕರಾರು.

ಯಾಕೆಂದರೆ ಆ ದಿಬ್ಬ ಯಾವ ಪಟ್ಟಿಯಲ್ಲೂ ಇಲ್ಲ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು, ಸಂತೋಷ. ಆದರೆ ಜನ ಬದುಕಿದ್ದು ದೇವಸ್ಥಾನದ ಜಗತಿ ಕಟ್ಟೆಯ ಮೇಲಲ್ಲವಲ್ಲ. ಅವರ ಒಲೆ, ಮಡಕೆ, ಕುಲುಮೆ, ಗಾಣ ಎಲ್ಲ ಇರುವುದು ಸರ್ಕಾರಿ ದಾಖಲೆಯಲ್ಲಿ 'ಬೇಚಿರಾಕ್ ಗ್ರಾಮ' ಎಂದು ಒಂದೇ ಮಾತಲ್ಲಿ ಮುಗಿದುಹೋದ ಹಾಳೂರುಗಳಲ್ಲಿ. ಮಳೆ ಬಂದ ಮರುದಿನ ಅಲ್ಲಿ ನಡೆದರೆ ಕಾಲಿಗೆ ಕರಿ ಮಡಕೆಯ ಚೂರು ಸಿಗುತ್ತದೆ, ಬಳೆ ಚೂರು ಸಿಗುತ್ತದೆ. ಅದಕ್ಕೆ ಯಂತ್ರ ಕೀಂ ಅನ್ನುವುದಿಲ್ಲ. ಹಾಗಾಗಿ ಯಂತ್ರ ಹಿಡಿದವನು ಅದನ್ನು ಮಣ್ಣಿನ ಜೊತೆ ಮಂಕರಿಗೆ ತುಂಬಿ ಆಚೆ ಎಸೆಯುತ್ತಾನೆ.

ಅವನನ್ನೊಬ್ಬನನ್ನೇ ಬೈದರೆ ಮುಗಿಯಿತೇ? ಅವನು ರಾತ್ರಿ ಹಾರೆಯಲ್ಲಿ ತೋಡುವುದು ಒಂದು ಗುಂಡಿ. ಹಗಲು ಜೆಸಿಬಿ ಬಂದು ಅದೇ ದಿಬ್ಬದ ಉದ್ದಕ್ಕೂ ಪೈಪ್‌ಲೈನಿಗೆ ಕಾಲುವೆ ಸೀಳುತ್ತದೆ, ರಸ್ತೆಗೆ ಮಣ್ಣು ಬೇಕೆಂದು ಅರ್ಧ ದಿಬ್ಬವನ್ನೇ ಟಿಪ್ಪರಿಗೆ ತುಂಬುತ್ತದೆ, ಬಿಲ್ಲು ಪಾಸಾಗುತ್ತದೆ. ಅದನ್ನು ಟೇಬಲ್ ಮೇಲಿಟ್ಟು ಫೋಟೋ ತೆಗೆಯುವವರಿಲ್ಲ. ಇದನ್ನು ಬರೆದು ಬರೆದು ಸಾಕಾಗಿದೆ. ಒಂದು ಊರು ಎಂಟುನೂರು ವರ್ಷ ಮಣ್ಣಿನಡಿ ಪದರ ಪದರವಾಗಿ ಮಲಗಿದ್ದದ್ದು ಒಂದು ಮಧ್ಯಾಹ್ನದಲ್ಲಿ ರಸ್ತೆಯ ಅಂಚಿಗೆ ಹೋಗಿ ಬೀಳುತ್ತದೆ, ಮತ್ತು ಅದಕ್ಕೆ ಪೂಜೆ ಮಾಡಿ ಚಾಲನೆ ಕೊಡಲು ನಾವೇ ಹಾರ ಹಿಡಿದು ನಿಂತಿರುತ್ತೇವೆ. ತಮಾಷೆ ಮಾಡುವಂಥದ್ದೇನೂ ಇದರಲ್ಲಿಲ್ಲ.

ಒಂದು ವೇಳೆ ಬಂಗಾರವೇ ಸಿಕ್ಕಿತು ಅನ್ನಿ. ಹೊಯ್ಸಳ ವಿಷ್ಣುವರ್ಧನನ ಗದ್ಯಾಣ ಎಂಬ ಚಿನ್ನದ ನಾಣ್ಯ, ನಾಲ್ಕು ಗ್ರಾಂ ಆಸುಪಾಸು. ಅದರ ಮೇಲೆ ಕನ್ನಡದಲ್ಲೇ 'ಶ್ರೀ ತಲಕಾಡುಗೊಂಡ' ಎಂದಿರುತ್ತದೆ. ಚೋಳರಿಂದ ತಲಕಾಡು ಗೆದ್ದ ಸುದ್ದಿಯನ್ನು ರಾಜ ಜನರ ಜೇಬಿಗೇ ಕಳಿಸಿದ್ದ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಅಂಗಡಿಯೋ ಮನೆಯೋ ಎನ್ನುವುದನ್ನೆಲ್ಲ ಬಿಟ್ಟು ನಾಣ್ಯವನ್ನಷ್ಟೇ ಎತ್ತಿದರೆ, ಕಡತದಿಂದ ಸ್ಟ್ಯಾಂಪು ಕಿತ್ತುಕೊಂಡು ಕಡತವನ್ನು ಒಲೆಗೆ ಹಾಕಿದ ಹಾಗೆ. ಮರುದಿನ ಅದನ್ನೂ ಕರಗಿಸುತ್ತಾರೆ. ತಲಕಾಡು ಗೆದ್ದವನು ಮೂಗುಬೊಟ್ಟಾಗುತ್ತಾನೆ.

ಹಾಸನ ಜಿಲ್ಲೆಯಲ್ಲಿ ಸಿಕ್ಕಿದ ನಿಜವಾದ ಕೊಪ್ಪರಿಗೆ ಹಲ್ಮಿಡಿಯ ಕಲ್ಲು. ಬೇಲೂರು ತಾಲ್ಲೂಕು, 1936, ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಗುರುತಿಸಿದ್ದು. ಸುಮಾರು ಕ್ರಿ.ಶ. 450ರ ಹದಿನಾರು ಸಾಲು. ಕನ್ನಡ ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾವು ಎದೆಯುಬ್ಬಿಸಿ ತೋರಿಸುವುದು ಅದನ್ನೇ. ಜಗತ್ತಿನ ಯಾವ ಡಿಟೆಕ್ಟರನ್ನು ಅದರ ಮೇಲೆ ಆಡಿಸಿದರೂ ಒಂದು ಚೂರೂ ಸದ್ದು ಬರುವುದಿಲ್ಲ. ಅದರಲ್ಲಿ ಬರೆದಿರುವುದು ಏನು ಗೊತ್ತೇ? ಕಾದಾಡಿದ ವೀರನಿಗೆ ಎರಡು ಊರನ್ನು ಬಾಳ್ಗಳ್ಚು, ಅಂದರೆ ಕತ್ತಿ ತೊಳೆದು ಕೊಡುವ ದಾನವಾಗಿ ಕೊಟ್ಟದ್ದು, ಕೊನೆಗೆ 'ಕಳ್ದೋನ್ ಮಹಾಪಾತಕನ್'. ಕದ್ದವನು ಮಹಾಪಾಪಿ. ಕನ್ನಡಿಗ ಉಳಿ ಹಿಡಿದು ಬರೆಯಲು ಕೂತ ಕಾಲಕ್ಕೇ ಕಳ್ಳನ ಚಿಂತೆ ಇತ್ತು ನೋಡಿ.

ಕಳ್ಳನಿಗೆ ಮಾತ್ರ ಶಾಸನದ ಓದು ಬೇರೆ. ವೀರಗಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿದ್ದು ಅವರಿರುವವರೆಗೂ ಈ ಹೆಸರು ಇರಲಿ ಅಂತ. ಅವನ ಪ್ರಕಾರ ಅದು ವಿಳಾಸ: ಕೆಳಗೆ ಅಗೆ. ಕಳ್ಳರು ಒಯ್ದ ದನ ಬಿಡಿಸಿ ತರಲು ಹೋಗಿ ಸತ್ತವನ ಕಲ್ಲು ಅಂಗಾತ ಬೀಳುತ್ತದೆ, ನಂದಿ ಮಗ್ಗುಲಾಗುತ್ತದೆ. ದೊಡ್ಡಗದ್ದವಳ್ಳಿಯ ಕಾಳಿ 2020ರ ನವೆಂಬರಿನಲ್ಲಿ ಚೂರಾಗಿ ಬಿದ್ದಾಗಲೂ ಊರಿಗೆ ಮೊದಲು ನೆನಪಾದದ್ದು ನಿಧಿಗಳ್ಳರೇ.

ಅರಸೀಕೆರೆ ಕಡೆಯ ಒಂದೂರಲ್ಲಿ ಹೀಗೆ ಉರುಳಿಸಿದ್ದ ಕಲ್ಲನ್ನು ಊರವರು ಚಂದಾ ಎತ್ತಿ ಮತ್ತೆ ನಿಲ್ಲಿಸಿದ್ದಾರೆ. ಶಾಂತಿ ಮಾಡಿಸಿ, ಹಸಿರು ಆಯಿಲ್ ಪೇಂಟ್ ಬಳಿದು, ಇನ್ನು ಯಾರೂ ಅಲುಗಾಡಿಸಬಾರದೆಂದು ಮೊಣಕಾಲೆತ್ತರಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ಸುತ್ತ ಬಾತ್‌ರೂಮ್ ಟೈಲ್ಸ್ ಹಾಕಿದ್ದಾರೆ. ಕಲ್ಲಿನ ಕೆಳಗಿನ ಸಾಲುಗಳೆಲ್ಲ ಸಿಮೆಂಟಿನೊಳಗೆ. ಅದರಲ್ಲಿ ಏನು ಬರೆದಿತ್ತು ಯಜಮಾನ್ರೇ ಅಂತ ಕೇಳಿದೆ. "ಅದು ಹಳೇ ಅಕ್ಷರ ಸಾ, ಅದನ್ಯಾರು ಓದ್ತಾರೆ? ಬನ್ನಿ, ಇದನ್ನ ಓದಿ" ಎಂದು ಪಕ್ಕದ ಗ್ರಾನೈಟ್ ಫಲಕದ ಹತ್ತಿರ ಕರೆದೊಯ್ದರು. ದಾನಿಗಳ ಹೆಸರು, ಊರು, ಕೊಟ್ಟ ಮೊತ್ತ, ಚಿನ್ನದ ಬಣ್ಣದಲ್ಲಿ. ಪೂರ್ತಿ ಓದಿದೆ. ಎರಡು ಕಡೆ ಕಾಗುಣಿತ ತಪ್ಪಿತ್ತು.