ಮೇಲೆ ಕಾರು, ಕೆಳಗೆ ಲಾರಿ

ನಮ್ಮ ಮನೆಯ ಎಸ್‌ಯುವಿಯಲ್ಲಿ ಎರಡು ವಾಹನಗಳಿವೆ. ಮೇಲಿನದು ಕಾರು. ಅದರಲ್ಲಿ ಎಸಿ ಇದೆ, ಮೆತ್ತನೆಯ ಸೀಟಿದೆ, ಹಾಡು ಹಾಕೋಕೆ ದೊಡ್ಡ ಪರದೆ ಇದೆ. ಕೆಳಗಿನದು ಲಾರಿ. ಮೇಲೆ ಕೂತವರು ಯಾರು, ಎಲ್ಲಿಗೆ ಹೊರಟಿದ್ದಾರೆ, ಬೆನ್ನುನೋವು ಇದೆಯಾ ಅನ್ನುವುದೆಲ್ಲ ಅದಕ್ಕೆ ಬೇಡ. ಒಟ್ಟು ತೂಕ ಎಷ್ಟು ಅನ್ನುವುದಷ್ಟೇ ಅದರ ಲೆಕ್ಕ. ಇವೆರಡರ ಮಧ್ಯೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಬಿಗಿದಿದ್ದಾರೆ. ನಮ್ಮ ಸಂಸಾರ ಸಾಗುತ್ತಿರುವುದು ಆ ಬೋಲ್ಟುಗಳ ಮೇಲೆ.

ಇದನ್ನು ಕೊಳ್ಳಿಸಿದವನು ನನ್ನ ಭಾವಮೈದ. ಅವನ ಹತ್ತಿರ ಸೈಕಲ್ ಕೂಡ ಇಲ್ಲ. ಆದರೆ ಗಾಡಿಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

"ಭಾವ, ಈಗಿನ ಕಾರುಗಳಿಗೆ ಬೇರೆ ಚಾಸಿನೇ ಇರಲ್ಲ. ಬಾಡಿನೇ ಚಾಸಿ. ಇದು ಹಾಗಲ್ಲ. ಕೆಳಗೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ಮಧ್ಯೆ ಅಡ್ಡಪಟ್ಟಿ. ಲ್ಯಾಡರ್ ಫ್ರೇಮ್. ಲಾರಿಗೆ ಹಾಕೋದೇ ಇದನ್ನ" ಅಂದ.

"ನಾವೇನು ಜಲ್ಲಿ ಹೊಡೀಬೇಕೇನೋ?" ಅಂತ ನನ್ನ ಹೆಂಡತಿ ಕೇಳಿದಳು.

ಅವನು ಇತಿಹಾಸಕ್ಕೆ ಇಳಿದ. 1935ರಲ್ಲೇ ಷೆವರ್ಲೆಯವರು ಅರ್ಧ ಟನ್ ಟ್ರಕ್ಕಿನ ಚಾಸಿ ಮೇಲೆ ಉಕ್ಕಿನ ಬಾಡಿ ಕೂರಿಸಿ, ಎಂಟು ಜನಕ್ಕೆ ಸೀಟು ಹಾಕಿ, ಸಬರ್ಬನ್ ಅಂತ ಹೆಸರಿಟ್ಟು ಮಾರಿದರಂತೆ. ಫೋರ್ಡ್ ಎಕ್ಸ್‌ಪ್ಲೋರರ್ ಹುಟ್ಟಿದ್ದು ರೇಂಜರ್ ಪಿಕಪ್‌ನಿಂದ. ಟೊಯೊಟಾ ಫಾರ್ಚುನರ್‌ಗೆ ಮೂಲ ಹೈಲಕ್ಸ್ ಪಿಕಪ್. ಎಲ್ಲ ದೊಡ್ಡ ಮನೆತನ! ಆಮೇಲೆ 1984ರಲ್ಲಿ ಜೀಪ್ ಚೆರೋಕಿ ಬೇರೆ ಚಾಸಿಯನ್ನು ಕೈಬಿಟ್ಟಿತು. 1994ರಲ್ಲಿ ಟೊಯೊಟಾದವರು ಕಾರಿನ ಭಾಗಗಳನ್ನೇ ಬಳಸಿ ರಾವ್-4 ಮಾಡಿದರು. ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಎಲ್ಲರೂ ಆ ಕಡೆ ಹೋದರು. "ಈಗ ಎಸ್‌ಯುವಿ ಅಂತ ಮಾರೋದ್ರಲ್ಲಿ ಜಾಸ್ತಿ ಭಾಗ ಎತ್ತರದ ಕಾರು ಅಷ್ಟೇ ಭಾವ. ಅಸಲಿ ಅಂದ್ರೆ ಇದು."

"ಅವರೆಲ್ಲ ಲಾರಿ ಚಾಸಿ ಯಾಕೆ ಬಿಟ್ರು ಅಂತ ವಿಚಾರಿಸಿದ್ಯಾ?" ಅಂದಳು ನನ್ನ ಹೆಂಡತಿ.

ಅದಕ್ಕೆ ಆವತ್ತು ಅವನ ಹತ್ತಿರ ಉತ್ತರ ಇರಲಿಲ್ಲ. ಈಗ ನನ್ನ ಹತ್ತಿರ ಬೇಕಾದಷ್ಟಿವೆ.

ಮೊದಲನೆಯದು ಹತ್ತುವುದು. ಸಾಮಾನ್ಯ ಕಾರಿನಲ್ಲಿ ಕೂರುತ್ತಾರೆ, ಇದಕ್ಕೆ ಏರಬೇಕು. ಚಾಸಿಯ ಮೇಲೆ ನೆಲ, ನೆಲದ ಮೇಲೆ ಸೀಟು. ಹಾಗಾಗಿ ಸೀಟು ನಮ್ಮ ದೊಡ್ಡಮ್ಮನ ಸೊಂಟದ ಮಟ್ಟಕ್ಕಿಂತ ಮೇಲಿದೆ. ಪಕ್ಕದಲ್ಲಿ ಫುಟ್‌ಬೋರ್ಡ್ ಇದೆ ನಿಜ. ಆದರೆ ದೊಡ್ಡಮ್ಮನ ಮಂಡಿಗೆ ಆ ಫುಟ್‌ಬೋರ್ಡೇ ಒಂದು ಬೆಟ್ಟ. ಅದಕ್ಕೆ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದೇವೆ. ಸ್ಟೂಲ್ ಮೇಲೆ ಒಂದು ಕಾಲು, ಫುಟ್‌ಬೋರ್ಡ್ ಮೇಲೆ ಇನ್ನೊಂದು, ಹಿಂದಿನಿಂದ ಇಬ್ಬರು ಹಿಡಿದುಕೊಳ್ಳಬೇಕು, ಒಳಗಿನಿಂದ ಒಬ್ಬರು ಎಳೀಬೇಕು. ಎಲ್ಲ ಮುಗಿದು ಬಾಗಿಲು ಹಾಕಿ, ಇನ್ನೇನು ಹೊರಡಬೇಕು ಅನ್ನುವಾಗ ಎಲ್ಲರಿಗೂ ಎಷ್ಟು ಖುಷಿ ಆಗುತ್ತದೆ ಅಂದರೆ, ಸ್ಟೂಲ್ ರಸ್ತೆಯಲ್ಲೇ ಉಳಿಯುತ್ತದೆ. ಗೃಹಪ್ರವೇಶ, ಮದುವೆ, ಆಸ್ಪತ್ರೆ ಅಂತ ನಾವು ಹೋದ ಕಡೆಯಲ್ಲೆಲ್ಲ ಒಂದೊಂದು ಸ್ಟೂಲ್ ಬಿಟ್ಟು ಬಂದಿದ್ದೇವೆ. ಒಂದು ಛತ್ರದ ಅಡುಗೆಯವರು ಅದರ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದುದನ್ನು ಮುಂದಿನ ಸಲ ಹೋದಾಗ ನೋಡಿದೆವು. ಕೇಳೋಕೆ ಮನಸ್ಸು ಬರಲಿಲ್ಲ.

ಎರಡನೆಯದು ಹಿಂದಿನ ಸೀಟು. ಲಾರಿಯ ಸ್ಪ್ರಿಂಗನ್ನು ಭಾರ ಹೊರುವುದಕ್ಕೆ ಅಂತಲೇ ಮಾಡಿರುತ್ತಾರೆ. ಖಾಲಿ ಇದ್ದಾಗ ಅದು ಬಗ್ಗುವುದಿಲ್ಲ. ಬಗ್ಗದ ಸ್ಪ್ರಿಂಗು ರಸ್ತೆಯ ಉಬ್ಬನ್ನು ತಾನು ಇಟ್ಟುಕೊಳ್ಳದೆ ನೇರ ಸೀಟಿಗೆ ಕಳಿಸುತ್ತದೆ. ಅದರ ಮೇಲೆ ನಮ್ಮ ಗಾಡಿಯ ಹಿಂದಿನ ಎರಡೂ ಚಕ್ರಗಳಿಗೆ ಸೇರಿ ಒಂದೇ ಗಟ್ಟಿ ಆಕ್ಸಲ್. ಎಡಗಡೆ ಚಕ್ರ ಗುಂಡಿಗೆ ಇಳಿದರೆ ಬಲಗಡೆ ಕೂತವರಿಗೂ ಅದರಲ್ಲಿ ಪಾಲು ಸಿಗುತ್ತದೆ. ಮೂರನೇ ಸಾಲಿನ ಸೀಟಂತೂ ಸರಿಯಾಗಿ ಆ ಆಕ್ಸಲ್ ತಲೆ ಮೇಲೇ ಇದೆ. ಅಲ್ಲಿ ಕೂತವರನ್ನು ಮೊರದಲ್ಲಿ ಹಾಕಿ ಕೇರಿದ ಹಾಗಾಗುತ್ತದೆ. ನನ್ನ ಮಗಳು ಒಮ್ಮೆ ಅಲ್ಲಿ ಕೂತು ಐ ಲೈನರ್ ಹಚ್ಚಿಕೊಳ್ಳೋಕೆ ಹೋದಳು. ಮದುವೆಮನೆ ತಲುಪುವಾಗ ಗೆರೆ ಕಣ್ಣಿನಿಂದ ಕಿವಿಯವರೆಗೆ ಹೋಗಿತ್ತು. ಅಲ್ಲಿದ್ದ ಒಂದಿಬ್ಬರು ಹುಡುಗಿಯರು ಇದು ಹೊಸ ಸ್ಟೈಲ್ ಅಂದುಕೊಂಡು ಫೋಟೋ ತೆಗೆಸಿಕೊಂಡರು.

ಇದಕ್ಕೂ ಭಾವಮೈದನೇ ಪರಿಹಾರ ಹೇಳಿದ. "ಭಾರ ಹಾಕಿ ಭಾವ. ಸ್ಪ್ರಿಂಗ್ ಕೂತ್ಕೊಳ್ಳುತ್ತೆ." ಎರಡು ಚೀಲ ಮರಳು ತಂದು ಡಿಕ್ಕಿಗೆ ಹಾಕಿದೆವು. ನಿಜಕ್ಕೂ ಗಾಡಿ ಮೆತ್ತಗಾಯಿತು. ಆದರೆ ಮೊದಲೇ ಎರಡು ಟನ್ ತೂಗುವ ವಾಹನಕ್ಕೆ ನಾವೇ ದುಡ್ಡು ಕೊಟ್ಟು ಮರಳು ತುಂಬಿ, ಆ ಮರಳನ್ನು ಊರೆಲ್ಲ ಸುತ್ತಾಡಿಸೋಕೆ ಮತ್ತೆ ದುಡ್ಡು ಕೊಟ್ಟು ಡೀಸೆಲ್ ಹಾಕುವುದು ನನ್ನ ಹೆಂಡತಿಗೆ ಸರಿ ಕಾಣಲಿಲ್ಲ. ಡೀಸೆಲ್ ವಿಷಯ ಮೊದಲೇ ಸೂಕ್ಷ್ಮ. ಈ ಗಾಡಿಯ ಮುಖ ಒಂದು ಗೋಡೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗೋಡೆಯನ್ನು ನಿಲ್ಲಿಸಿ ತಳ್ಳಿಕೊಂಡು ಹೋಗೋಕೆ ಎಣ್ಣೆ ಬೇಕೇ ಬೇಕಲ್ವಾ? "ಮರಳಿನ ಬದಲು ಜನರನ್ನ ಹಾಕಿ, ಪುಣ್ಯನಾದ್ರೂ ಬರುತ್ತೆ" ಅಂದಳು.

ಜನ ಬಂದರು. ಜನರ ಜೊತೆ ಅವರ ಸಾಮಾನೂ ಬಂತು. "ನಿಮ್ದು ದೊಡ್ಡ ಗಾಡಿ ಅಲ್ವಾ" ಅನ್ನುವ ಮಾತು ಕಿವಿಗೆ ಬಿದ್ದರೆ ಈಗ ನನ್ನ ಭುಜ ತಾನಾಗೇ ನೋಯುತ್ತದೆ. ಜನರಿಗೆ ಗೊತ್ತಿಲ್ಲದ ಗುಟ್ಟು ಏನೆಂದರೆ, ಇದು ಹೊರಗೆ ದೊಡ್ಡದು, ಒಳಗೆ ಅಲ್ಲ. ಕೆಳಗೆ ಚಾಸಿ ಇರುವುದರಿಂದ ನೆಲ ಎತ್ತರ, ನೆಲ ಎತ್ತರವಾದ್ದರಿಂದ ಸೂರು ಹತ್ತಿರ. ಪಕ್ಕದ ಮನೆಯವರು ಬಾಡಿಗೆ ಮನೆ ಬದಲಿಸುವಾಗ ಅವರ ವಾಷಿಂಗ್ ಮೆಷಿನ್ ಸಾಗಿಸೋಕೆ ನಮ್ಮನ್ನು ಕರೆದರು. ಅದನ್ನು ಸೊಂಟದ ಎತ್ತರಕ್ಕೆ ಎತ್ತುವಷ್ಟರಲ್ಲಿ ಮೂವರಿಗೆ ಏದುಸಿರು ಬಂದಿತ್ತು. ಎತ್ತಿದ ಮೇಲೆ ಅದು ಬಾಗಿಲಲ್ಲಿ ಹೋಗಲಿಲ್ಲ. ಕೊನೆಗೆ ಎದುರುಮನೆಯವರ ಸಣ್ಣ ಕಾರಿನ ಸೀಟು ಮಡಚಿ ಅದರಲ್ಲಿ ಮಲಗಿಸಿ ಕಳಿಸಿದರು. ನಮ್ಮ ಗಾಡಿ ಹಿಂದಿನಿಂದ ಎರಡು ದಿಂಬು ಮತ್ತು ಒಂದು ಕನ್ನಡಿ ಹೊತ್ತುಕೊಂಡು ಹೋಯಿತು. ಬ್ರೇಕ್ ಇರುವ ಟ್ರೇಲರ್ ಸಿಕ್ಕಿಸಿದರೆ ಮೂರು ಟನ್ ಎಳೆಯುತ್ತದೆ ಅಂತ ಕೈಪಿಡಿಯಲ್ಲಿ ಬರೆದಿದೆ. ಟ್ರೇಲರ್ ನಮ್ಮ ಹತ್ತಿರ ಇಲ್ಲ, ದಿಂಬು ಇದೆ.

ಯು ಟರ್ನ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಸಣ್ಣ ಕಾರೊಂದು ಹತ್ತು ಮೀಟರ್ ಅಗಲದಲ್ಲಿ ತಿರುಗಿದರೆ ಈ ಜಾತಿಯ ಗಾಡಿಗೆ ಹನ್ನೆರಡರ ಹತ್ತಿರ ಬೇಕು. ರಸ್ತೆ ಹನ್ನೊಂದು ಮೀಟರ್ ಇರುತ್ತದೆ. ಉಳಿದ ಒಂದು ಮೀಟರಿಗಾಗಿ ಹಿಂದೆ ಮುಂದೆ ಮಾಡುವಾಗ ಎರಡೂ ಕಡೆಯ ಜನ ಹಾರ್ನ್ ಹೊಡೆದು ಪ್ರೋತ್ಸಾಹಿಸುತ್ತಾರೆ.

ಪಾರ್ಕಿಂಗ್ ಇನ್ನೊಂದು ಬಗೆ. ನೆಲಮಾಳಿಗೆಯ ಬಾಯಲ್ಲಿ 2 ಮೀಟರ್ ಅಂತ ಫಲಕ ನೇತು ಹಾಕಿರುತ್ತಾರೆ. ಗಾಡಿಯ ಎತ್ತರ 1.85 ಮೀಟರ್ ಅಂತ ಕೈಪಿಡಿ ಹೇಳುತ್ತದೆ. ಆದರೆ ಕೈಪಿಡಿ ಬರೆದವರಿಗೆ ಕ್ಯಾರಿಯರ್ ಮೇಲೆ ನಾವು ಕಟ್ಟಿದ ಹಾಸಿಗೆ ಗೊತ್ತಿಲ್ಲ. ಇಳಿಜಾರಿನಲ್ಲಿ ಅರ್ಧ ಹೋದ ಮೇಲೆ ಮೇಲಿನಿಂದ ಕೊರಕೊರ ಅಂತ ಸದ್ದು ಬಂತು. ಹಿಂದೆ ಸಾಲಾಗಿ ಕಾರುಗಳು. ಕಾವಲುಗಾರ ಓಡಿ ಬಂದು ಬಗ್ಗಿ ನೋಡಿ, "ನಾಲ್ಕೂ ಚಕ್ರದ ಗಾಳಿ ಬಿಡಿ ಸಾರ್, ತಗ್ಗುತ್ತೆ" ಅಂದ. ಆಮೇಲೆ ಗಾಳಿ ಇಲ್ಲದೆ ಹೊರಗೆ ಬರೋದು ಹೇಗೆ ಅಂತ ಕೇಳಿದ್ದಕ್ಕೆ, "ಅದು ಹೊರಗಿನ ಗೇಟಿನವರು ನೋಡ್ಕೋತಾರೆ" ಅಂತ ಸಮಾಧಾನ ಹೇಳಿದ. ಅವರಿಬ್ಬರ ಶಿಫ್ಟ್ ಬೇರೆ ಬೇರೆ. ಹಿಂದಿನ ಕಾರುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ಕಳಿಸಿ ನಾನು ರಿವರ್ಸ್‌ನಲ್ಲೇ ಹತ್ತಿ ಬಂದೆ. ಹಾದುಹೋದ ಪ್ರತಿಯೊಬ್ಬರೂ ಕಿಟಕಿ ಇಳಿಸಿ ಹಾಸಿಗೆಯನ್ನೂ ಆಮೇಲೆ ನನ್ನನ್ನೂ ನೋಡಿದರು.

ಪಂಕ್ಚರ್ ಆದ ದಿನ ಮಾತ್ರ ಭಾವಮೈದ ಜೊತೆಗಿರಲಿಲ್ಲ. ಇದು ಅವನ ಜಾತಕದ ಬಲ. ಈ ಗಾಡಿಯ ಸ್ಟೆಪ್ನಿ ಡಿಕ್ಕಿಯಲ್ಲಿ ಇರುವುದಿಲ್ಲ. ಹಿಂದೆ, ಹೊಟ್ಟೆಯ ಕೆಳಗೆ ಕೇಬಲ್ಲಿಗೆ ನೇತು ಹಾಕಿರುತ್ತಾರೆ. ಬಂಪರ್ ಹತ್ತಿರ ಒಂದು ತೂತಿದೆ. ಅದರೊಳಗೆ ಉದ್ದನೆಯ ಕಂಬಿ ತೂರಿಸಿ, ಒಳಗಿರುವ ಕಾಣದ ಕೊಂಡಿಗೆ ಸಿಕ್ಕಿಸಿ, ತಿರುಗಿಸುತ್ತಾ ಹೋದರೆ ಚಕ್ರ ನಿಧಾನವಾಗಿ ಇಳಿಯಬೇಕು. ಆಗ ಜೋರು ಮಳೆ. ನಾನು ರಸ್ತೆ ಮೇಲೆ ಮಲಗಿ ತೂತಿಗೆ ಕಂಬಿ ತೂರಿಸುತ್ತಿದ್ದೆ. ಹೆಂಡತಿ ಕೊಡೆ ಹಿಡಿದು ನಿಂತಿದ್ದಳು. ಕೊಡೆ ಕೈಪಿಡಿಯ ಮೇಲಿತ್ತು.

"ನನಗೆ ಸ್ವಲ್ಪ ಹಿಡಿಯೇ" ಅಂದೆ.

"ನೀವು ಹೇಗೂ ಒದ್ದೆ ಆಗಿದ್ದೀರಿ. ಪುಸ್ತಕ ಒದ್ದೆ ಆದ್ರೆ ಮುಂದಿನ ಪುಟ ಯಾರು ಓದ್ತಾರೆ?"

ಮುಂದಿನ ಪುಟದಲ್ಲಿ ಜಾಕ್ ಎಲ್ಲಿ ಇಡಬೇಕು ಅನ್ನುವ ಚಿತ್ರ ಇತ್ತು. ಕಾರಿನ ಹಾಗೆ ಬಾಗಿಲ ಕೆಳಗೆ ಅಲ್ಲ, ಇನ್ನೂ ಒಳಗೆ, ಆಕ್ಸಲ್ ಕೆಳಗೆ. ಅಂದರೆ ಮತ್ತೆ ಮಲಗಬೇಕು. ಸ್ಟೆಪ್ನಿ ಅರ್ಧ ಇಳಿದು, ವರ್ಷಗಟ್ಟಲೆ ಹಿಡಿದ ಕೆಸರಿನ ಜೊತೆ ವಾರೆಯಾಗಿ ನಿಂತಿತು. ಒದ್ದಾಗ ಕೆಸರು ನನ್ನ ಮೇಲೆ ಬಿತ್ತು, ಚಕ್ರ ಬೀಳಲಿಲ್ಲ. ಆ ಕಡೆಯಿಂದ ಬಂದ ಲಾರಿಯ ಕ್ಲೀನರ್ ಹುಡುಗ ಇಳಿದು ಬಂದ. ಗಾಡಿಯ ಮುಂಭಾಗ ನೋಡಲೇ ಇಲ್ಲ. ನೇರ ಕೆಳಗೆ ತೂರಿ, ಏನೋ ಒಂದು ತಟ್ಟಿ, ಮೂವತ್ತು ಕಿಲೋ ಹತ್ತಿರದ ಚಕ್ರವನ್ನು ಉರುಳಿಸಿಕೊಂಡು ಹೊರಗೆ ಬಂದ. "ನಮ್ದೂ ಹೀಗೇ ಸಾರ್" ಅಂದ. ಅವನಿಗೆ ಕೊಡೆ ಸಿಕ್ಕಿತು.

ಇನ್ನು ಗೇರ್ ಪಕ್ಕದ ಆ ಗುಬುಟು. ಎಂಜಿನ್ ಎರಡು ಚಕ್ರ ತಿರುಗಿಸಬೇಕೋ ನಾಲ್ಕೂ ತಿರುಗಿಸಬೇಕೋ ಅಂತ ಆರಿಸೋಕೆ ಟು ಹೈ, ಫೋರ್ ಹೈ, ಫೋರ್ ಲೋ ಅಂತ ಬರೆದಿದೆ. ಭಾವಮೈದ ಈ ಗಾಡಿ ಮೇಲೆ ಪ್ರಾಣ ಇಟ್ಟಿರುವುದು ಅದಕ್ಕಾಗಿ. ಒಂದು ದಿನ ಪಾರ್ಕಿಂಗ್‌ನ ಒಣ ಸಿಮೆಂಟ್ ನೆಲದಲ್ಲಿ ಸುಮ್ನೆ ನೋಡೋಣ ಅಂತ ಫೋರ್ ಹೈಗೆ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಹೋಗಬೇಕು. ಈ ಬಗೆಯ ಗಾಡಿಯಲ್ಲಿ ಫೋರ್ ಹಾಕಿದರೆ ಚಕ್ರ ತಿರುಗಿಸುವ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡಕ್ಕೂ ಗಂಟು ಬಿದ್ದು ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಾದರೆ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಸಿಮೆಂಟ್ ಜಾರಲು ಬಿಡುವುದಿಲ್ಲ. ಗಾಡಿ ಕೀರಲು ದನಿಯಲ್ಲಿ ಕೂಗುತ್ತಾ ಕುಪ್ಪಳಿಸಿತು. ಮೊದಲ ಮಹಡಿಯ ಅಂಕಲ್ ಭೂಕಂಪ ಅಂದುಕೊಂಡು ಪಾಸ್‌ಬುಕ್ ಸಮೇತ ಕೆಳಗೆ ಬಂದರು.

ಆಮೇಲೆ ಅದನ್ನು ಮುಟ್ಟಬೇಡ ಅಂತ ಹೇಳಿದ್ದೆ. ಆದರೆ ನಾದಿನಿಯ ಮನೆಯವರ ಸಣ್ಣ ಕಾರು ಗದ್ದೆಯ ಅಂಚಿನ ಕೆಸರಿನಲ್ಲಿ ಸಿಕ್ಕಿಕೊಂಡ ದಿನ ಅವನನ್ನು ತಡೆಯುವವರು ಯಾರು? "ಭಾವ, ಇದಕ್ಕೇ ಕಾಯ್ತಿದ್ದಿದ್ದು!" ಅಂತ ಕುಣಿದ. ಗದ್ದೆಗೆ ಇಳಿದು, ಹಗ್ಗ ಕಟ್ಟಿ, ಫೋರ್ ಲೋಗೆ ಹಾಕಿದೆವು. ಅದರಲ್ಲಿ ವೇಗ ಇಳಿದು ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟಾಗುತ್ತದೆ. ಗಾಡಿ ಗೊಣಗಲೂ ಇಲ್ಲ. ಸಣ್ಣ ಕಾರು ಎದ್ದು ಬಂತು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ದೃಷ್ಟಿ ತೆಗೆಯಬೇಕು ಅಂದರು. ನನ್ನ ಹೆಂಡತಿ ಕೂಡ ಬಾನೆಟ್ಟನ್ನು ಒಮ್ಮೆ ಸವರಿದಳು. ನಾದಿನಿಯ ಕಾರು ಹಗುರ. ಅದು ಹುಲ್ಲಿನ ಮೇಲೆ ಹಾದು, ಕೈಬೀಸಿ ಹೋಗಿಯೇ ಬಿಟ್ಟಿತು.

ನಮ್ಮದು ಎರಡು ಟನ್. ಹಾಕಿದ್ದು ಹೈವೇ ಟೈರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಅದು ಮೆಲ್ಲಗೆ ಕೂತುಬಿಟ್ಟಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರಗಳು ತಮ್ಮ ತಮ್ಮ ಗುಂಡಿಯನ್ನು ಅಚ್ಚುಕಟ್ಟಾಗಿ ತೋಡಿಕೊಂಡವು. ಕೊನೆಗೆ ಚಾಸಿಯೇ ನೆಲಕ್ಕೆ ತಾಗಿತು. ಆಕ್ಸಲ್ ಯಾವುದು, ಗದ್ದೆ ಯಾವುದು ಗೊತ್ತಾಗಲಿಲ್ಲ. ಭಾವಮೈದ ವಿಡಿಯೋ ಮಾಡುವುದನ್ನು ನಿಲ್ಲಿಸಿ, ಟೈರಿನ ಗಾಳಿ ಇಳಿಸಿದರೆ ಹಿಡಿತ ಬರುತ್ತೆ ಅಂತ ಶುರು ಮಾಡಿದ. ಈ ಮಾತು ಅವನು ಹೇಳಿದ್ದು ಸರಿಯೇ. ಆದರೆ ಗಾಳಿ ಬಿಡುವ ಮೂತಿ ಕೆಸರಿನ ಒಳಗಿತ್ತು.

ಗದ್ದೆಯವರು ಟ್ರ್ಯಾಕ್ಟರ್ ತಂದು, ಸರಪಳಿ ಸಿಕ್ಕಿಸಿ, ಎಳೆಯೋಕೆ ಶುರು ಮಾಡಿದ ಹೊತ್ತಿಗೆ ಹೆಂಡತಿಯ ಫೋನ್ ರಿಂಗ್ ಆಯಿತು.

"ಅಕ್ಕಾ, ನಾವು ಮನೆ ತಲುಪಿ ಆಗ್ಲೇ ಊಟಕ್ಕೆ ಕೂತ್ವಿ. ಭಾವನಿಗೆ ಥ್ಯಾಂಕ್ಸ್ ಹೇಳು. ನೀವು ಎಲ್ಲಿದ್ದೀರಾ?"

"ಹಿಂದೇನೇ ಬರ್ತಿದ್ದೀವಿ" ಅಂದಳು. ಯಾವುದರ ಹಿಂದೆ ಅಂತ ಹೇಳಲಿಲ್ಲ.