ಎಚ್‌ಪಿ ಕೊಳ್ಳುತ್ತಿದ್ದೀರೋ, ದಿನ ಕೊಳ್ಳುತ್ತಿದ್ದೀರೋ?

500 ಎಚ್‌ಪಿ (ಹಾರ್ಸ್‌ಪವರ್, ಅಂದರೆ ಎಂಜಿನ್ನಿನ ಶಕ್ತಿಯ ಅಳತೆ) ಟ್ರ್ಯಾಕ್ಟರ್ ಹೊಲ ಹೊಡೆಯುವ ವಿಡಿಯೋಗಳಿಗೆ ನಮ್ಮ ಹುಡುಗರು ಮರುಳಾಗಿದ್ದಾರೆ. 'ಇಂಥದ್ದೊಂದು ನಮ್ಮೂರಿಗೆ ಬಂದರೆ ಇಡೀ ಊರಿನ ಹೊಲ ಒಂದೇ ವಾರಕ್ಕೆ ಮುಗೀತದೆ' ಅನ್ನುತ್ತಾರೆ. ಮುಗಿಯುತ್ತದೆ ನಿಜ. ಜೊತೆಗೆ ಬದುಗಳೂ ಮುಗಿಯುತ್ತವೆ.

ಆ ಗಾಡಿಗಳು ಹುಟ್ಟಿದ ಜಾಗ ಬೇರೆ. ಅಮೆರಿಕದ ಮೊಂಟಾನಾ, ಕೆನಡಾದ ಬಯಲುಗಳು, ಪಶ್ಚಿಮ ಆಸ್ಟ್ರೇಲಿಯಾ. ಒಂದು ಮನೆಯವರಿಗೆ ಸಾವಿರಾರು ಎಕರೆ, ದುಡಿಯುವವರು ಇಬ್ಬರೋ ಮೂವರೋ. ಬಿತ್ತನೆಗೆ ಸಿಗುವ ದಿನಗಳೂ ಕಡಿಮೆ. ಮೊಂಟಾನಾದಲ್ಲಿ 1977ರಲ್ಲಿ 'ಬಿಗ್ ಬಡ್ 747' ಅಂತ ಒಂದು ದೈತ್ಯನನ್ನು ಕಟ್ಟಿದರು. 16 ಸಿಲಿಂಡರ್, 760 ಎಚ್‌ಪಿ. ಮೊದಲು ಹೋದದ್ದು ಕ್ಯಾಲಿಫೋರ್ನಿಯಾದ ಹತ್ತಿ ಹೊಲಕ್ಕೆ, ನೆಲವನ್ನು ಆಳಕ್ಕೆ ಸೀಳುವ ಕೆಲಸಕ್ಕೆ. ಈಗ ಜಾನ್ ಡಿಯರ್ 830 ಎಚ್‌ಪಿಯದನ್ನೇ ಮಾರುತ್ತಿದೆ.

ಇದರಿಂದ ದಕ್ಷತೆ ಎಷ್ಟು ಹೆಚ್ಚುತ್ತದೆ? ಒಂದು ಲೆಕ್ಕ ಹಾಕೋಣ. 50 ಎಚ್‌ಪಿ ಟ್ರ್ಯಾಕ್ಟರ್ ಹಿಂದೆ 2 ಮೀಟರ್ ಅಗಲದ ಕಲ್ಟಿವೇಟರ್ (ಮಣ್ಣು ಸಡಿಲಿಸುವ ಹಲ್ಲುಗಳ ಉಪಕರಣ), ಗಂಟೆಗೆ 6 ಕಿ.ಮೀ. ವೇಗ. ತಿರುವು, ನಿಲ್ಲಿಸೋದು ಎಲ್ಲ ಕಳೆದರೆ ಗಂಟೆಗೆ ಸುಮಾರು 2 ಎಕರೆ ಚಿಲ್ಲರೆ. 500 ಎಚ್‌ಪಿ ಹಿಂದೆ 12 ಮೀಟರಿನದು ಕಟ್ಟಿ 8 ಕಿ.ಮೀ. ವೇಗದಲ್ಲಿ ಹೊಡೆದರೆ ಗಂಟೆಗೆ ಸುಮಾರು 19 ಎಕರೆ. ಎಚ್‌ಪಿ ಹತ್ತು ಪಟ್ಟು ಹೆಚ್ಚಿತು, ಕೆಲಸ ಒಂಬತ್ತು ಪಟ್ಟಿನ ಆಸುಪಾಸಿಗೆ ಬಂತು. ಅಂದರೆ ಒಂದೊಂದು ಎಚ್‌ಪಿ ಮಾಡುವ ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ಎಕರೆಗೆ ಸುಡುವ ಡೀಸೆಲ್ಲಿನಲ್ಲೂ ಅಂಥ ದೊಡ್ಡ ಉಳಿತಾಯ ಇಲ್ಲ, ಅದೇ ಮಣ್ಣನ್ನು ಅಷ್ಟೇ ಆಳಕ್ಕೆ ಎಳೆಯಲು ಬೇಕಾದ ಶಕ್ತಿ ಹೆಚ್ಚೂಕಡಿಮೆ ಅಷ್ಟೇ. ಬದಲಾದದ್ದು ಒಂದೇ: ಒಂಬತ್ತು ಡ್ರೈವರ್ ಬದಲು ಒಬ್ಬ ಸಾಕು. ಸಂಬಳ ಕೊಡುತ್ತೇನೆಂದರೂ ಒಂಬತ್ತು ಜನ ಸಿಗದ ಊರಿನಲ್ಲಿ ಆ ಒಬ್ಬನಿಂದಲೇ ಹದ ತಪ್ಪದೆ ಬಿತ್ತನೆ ಮುಗಿಯುತ್ತದೆ. ಅಲ್ಲಿನವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಿರುವುದು ದಿನಗಳನ್ನು.

ಆ ದಿನಗಳಿಗೆ ಮಣ್ಣೂ ಬೆಲೆ ತೆರುತ್ತದೆ. ಎಂಜಿನ್ನಿನಲ್ಲಿ ಎಷ್ಟು ಎಚ್‌ಪಿ ಇದ್ದರೂ ಅದು ನೆಲಕ್ಕೆ ಇಳಿಯಬೇಕಾದರೆ ತೂಕ ಬೇಕು, ಟೈರಿಗೆ ಹಿಡಿತ ಬೇಕು. ತೂಕ ಸಾಲದಿದ್ದರೆ ಗಾಲಿ ಜಾರುತ್ತದೆ. ನಿಮ್ಮ ಗಾಡಿಯಲ್ಲೇ ನೋಡಬಹುದು. ಹಿಂದಿನ ಗಾಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಲ್ಟಿವೇಟರ್ ಎತ್ತಿಕೊಂಡು ಹತ್ತು ಸುತ್ತು ಹೋಗಿ ದೂರ ಅಳೆಯಿರಿ. ಆಮೇಲೆ ಇಳಿಸಿಕೊಂಡು ಹೊಡೆಯುತ್ತಾ ಮತ್ತೆ ಹತ್ತು ಸುತ್ತು. 45 ಮೀಟರ್ ಬರಬೇಕಾದಲ್ಲಿ 36 ಬಂದರೆ ಐದರಲ್ಲಿ ಒಂದು ಪಾಲು ಜಾರಿಕೆಗೇ ಹೋಯಿತು. 8ರಿಂದ 15 ಪರ್ಸೆಂಟ್ ಜಾರಿದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಟೈರಿಗೆ ನೀರು ತುಂಬಿಸುತ್ತೇವೆ, ಮುಂದೆ ವೇಟ್ ಹಾಕುತ್ತೇವೆ. ಹಾಗೆ ಸೇರಿಸಿದ ತೂಕವೆಲ್ಲ ಮಣ್ಣಿನ ತಲೆ ಮೇಲೇ ಅಲ್ವಾ?

ಥಾಮಸ್ ಕೆಲ್ಲರ್, ಡ್ಯಾನಿ ಓರ್ ಎಂಬ ವಿಜ್ಞಾನಿಗಳು 2022ರಲ್ಲಿ ಇದರ ಬಗ್ಗೆ ಒಂದು ಲೇಖನ ಪ್ರಕಟಿಸಿದರು. 1958ರಲ್ಲಿ ಸುಮಾರು 4 ಟನ್ ತೂಗುತ್ತಿದ್ದ ಕೊಯ್ಲು ಯಂತ್ರ, ಕಾಳು ತುಂಬಿಕೊಂಡರೆ, 2020ರ ಹೊತ್ತಿಗೆ ಸುಮಾರು 36 ಟನ್ ಆಗಿದೆ. ಟೈರೂ ಅಗಲವಾಗಿದ್ದರಿಂದ ಮೇಲ್ಮಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಒತ್ತಡ ಹೋಗಿ ಕೂರುವುದು ಉಳುಮೆ ಮುಟ್ಟದ ಆಳದಲ್ಲಿ. ಅಲ್ಲಿ ಗಟ್ಟಿಯಾದ ಮಣ್ಣನ್ನು ಮತ್ತೆ ಸಡಿಲ ಮಾಡುವುದು ಬಹಳ ಕಷ್ಟ. ಆಸ್ಟ್ರೇಲಿಯಾದ ಎಷ್ಟೋ ರೈತರು ಇದಕ್ಕೊಂದು ದಾರಿ ಹುಡುಕಿಕೊಂಡಿದ್ದಾರೆ. ಎಲ್ಲ ಯಂತ್ರಗಳ ಗಾಲಿ ಅಂತರವನ್ನೂ 3 ಮೀಟರಿಗೆ ಹೊಂದಿಸಿ, ಜಿಪಿಎಸ್ ಹಿಡಿದು ವರ್ಷ ವರ್ಷವೂ ಅದೇ ಜಾಡಿನಲ್ಲಿ ಓಡಿಸುತ್ತಾರೆ. ಜಾಡು ಗಟ್ಟಿಯಾಗಲಿ, ಉಳಿದ ಹೊಲ ಮೆತ್ತಗಿರಲಿ ಅಂತ. ನನಗಂತೂ ದೊಡ್ಡ ಎಂಜಿನ್ನಿಗಿಂತ ಇದು ಜಾಣತನದ ಕೆಲಸ ಅನಿಸುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಅದೂ ಒಂದೇ ತುಂಡಾಗಿ ಇರುವುದಿಲ್ಲ. ಎರಡು ಎಕರೆಯ ಹೊಲಕ್ಕೆ 12 ಮೀಟರ್ ಕಲ್ಟಿವೇಟರ್ ಇಳಿಸಿದರೆ ಏಳೆಂಟು ಸಾಲಿಗೆ ಹೊಲ ಮುಗಿದು ಬರೀ ತಿರುಗಿಸುವುದೇ ಕೆಲಸವಾಗುತ್ತದೆ.

ಹಾಗಂತ ನಮಗೆ ಪವರ್ ಬೇಡ ಅಂತಲ್ಲ. ಎರೆ ಭೂಮಿಯವರಿಗೆ ಗೊತ್ತು, ಹಿಂಗಾರಿ ಮಳೆ ನಿಂತ ಮೇಲೆ ಹದ ಹೆಚ್ಚು ದಿನ ಕಾಯುವುದಿಲ್ಲ. ಮೊದಲು ಕಾಲು ಹೂಳುತ್ತದೆ, ಆಮೇಲೆ ಹೆಂಟೆ ಒಡೆಯುವುದಿಲ್ಲ. ಆ ನಡುವಿನ ದಿನಗಳಲ್ಲಿ ಇಡೀ ಊರಿಗೆ ಒಟ್ಟಿಗೇ ಟ್ರ್ಯಾಕ್ಟರ್ ಬೇಕು. ಅಲ್ಲಿ 60 ಎಚ್‌ಪಿಗೂ ಕೆಲಸವಿದೆ, ಆದರೆ ಬಾಡಿಗೆ ಗಾಡಿಯಾಗಿ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಕೊಯ್ಲಿಗೆ ಹೊರರಾಜ್ಯದ ಯಂತ್ರಗಳು ಬಂದು ಹೋಗುವುದಿಲ್ಲವೇ? ಹೊಲಗಳು ಚಿಕ್ಕವಾದರೂ ಸುತ್ತಲಿನ ಸಾವಿರಾರು ಎಕರೆ ಸೇರಿ ಒಂದು ಯಂತ್ರಕ್ಕೆ ಹೊಟ್ಟೆ ತುಂಬುತ್ತದೆ. 2014ರಲ್ಲಿ ಶುರುವಾದ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳ ಲೆಕ್ಕಾಚಾರವೂ ಇದೇ.

ನನ್ನ ತಕರಾರು ಇರುವುದು ಸ್ವಂತದ 15 ಎಕರೆಗೆ 65 ಎಚ್‌ಪಿ ತರುವವರ ಬಗ್ಗೆ. ಟ್ರ್ಯಾಕ್ಟರಿನ ಖರ್ಚು ಲೆಕ್ಕ ಹಾಕುವಾಗ ವರ್ಷಕ್ಕೆ 1000 ಗಂಟೆ ಓಡುತ್ತದೆ ಅಂತ ಇಟ್ಟುಕೊಳ್ಳುವುದು ವಾಡಿಕೆ. ಎರಡು ಬೆಳೆ ತೆಗೆದರೂ 15 ಎಕರೆಯಲ್ಲಿ 100 ಗಂಟೆ ದಾಟಿಸುವುದು ಕಷ್ಟ. ಉಳಿದ ಗಂಟೆಗಳಲ್ಲೂ ಸಾಲದ ಕಂತು ಓಡುತ್ತಲೇ ಇರುತ್ತದೆ. ಸಾಲದ್ದಕ್ಕೆ 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ. ಎಂಜಿನ್ನಿಗೆ ಸೆನ್ಸರ್‌ಗಳು ಸೇರಿದವು, ಬೆಲೆ ಏರಿತು, ಊರಿನ ಮೆಕ್ಯಾನಿಕ್ ಬರೀ ಸ್ಪ್ಯಾನರ್ ಹಿಡಿದು ಬಂದರೆ ಆಗದ ರಿಪೇರಿಗಳೂ ಬಂದವು. ಕಬ್ಬಿನ ಎರಡು ಟ್ರೇಲರ್ ಎಳೆಯುವವರ ಮಾತು ಬೇರೆ, ಅವರದು ಸಾಗಾಟದ ವ್ಯಾಪಾರ. ಅವರನ್ನು ನೋಡಿ ಕಡಲೆ ಬೆಳೆಯುವವರು ಗಾಡಿ ಆರಿಸಬಾರದು.

ದೊಡ್ಡ ಹೊಲಗಳ ದೇಶದಲ್ಲೇ ಈಗ ಗಾಳಿ ಬೇರೆ ಕಡೆಗೂ ಬೀಸುತ್ತಿದೆ. ಇಂಗ್ಲೆಂಡಿನ ಹಾರ್ಪರ್ ಆಡಮ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಹೆಕ್ಟೇರ್ ಬಾರ್ಲಿಯನ್ನು ಡ್ರೈವರ್ ಇಲ್ಲದ ಯಂತ್ರಗಳಿಂದಲೇ ಬಿತ್ತಿ, ಕೊಯ್ದು ತೋರಿಸಿದರು. ಬಳಸಿದ ಟ್ರ್ಯಾಕ್ಟರ್ 38 ಎಚ್‌ಪಿಯದು! ಡ್ರೈವರ್‌ಗಳನ್ನು ಕಡಿಮೆ ಮಾಡಲೆಂದೇ ಗಾಡಿ ಇಷ್ಟು ಬೆಳೆದದ್ದಾದರೆ, ಡ್ರೈವರೇ ಬೇಡವಾದಾಗ ಅಷ್ಟು ದೊಡ್ಡದು ಯಾಕೆ ಬೇಕು?

ನಿಮ್ಮಲ್ಲಿ ಯಾರಾದರೂ 60 ಎಚ್‌ಪಿ ಮೇಲಿನ ಗಾಡಿ ಇಟ್ಟುಕೊಂಡಿದ್ದರೆ ವರ್ಷಕ್ಕೆ ಎಷ್ಟು ಗಂಟೆ ಓಡಿದೆ ಅಂತ ಕಮೆಂಟಿನಲ್ಲಿ ಬರೆಯಿರಿ. ಮೀಟರಿನ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು, ಬಾಯಲ್ಲಿ ಎಲ್ಲರ ಟ್ರ್ಯಾಕ್ಟರೂ ಜಾಸ್ತಿಯೇ ಓಡುತ್ತದೆ.