ಒಂದೊಂದು ವಚನಕ್ಕೂ ಬೀಗ ಹಾಕುವ ಬೈಬಲ್ ಸಾಫ್ಟ್‌ವೇರ್

ಮೂರನೇ ಯೋಹಾನ. ಬೈಬಲ್‌ನ 66 ಪುಸ್ತಕಗಳಲ್ಲಿ 64ನೆಯದು. ನಿನ್ನೆ ರಾತ್ರಿ ನಲವತ್ತು ನಿಮಿಷ ಕಾಯಿಸಿ, ನನ್ನ ಬೈಬಲ್ ಸಾಫ್ಟ್‌ವೇರ್ ಅಲ್ಲಿಗೆ ಬಂದು ಕೈ ಎತ್ತಿತು. '15ನೇ ವಚನ ಇಲ್ಲ' ಅಂತ ಒಂದು ಸಾಲು, ಕೆಳಗೆ ಓಕೆ ಬಟನ್. ಏನು ಓಕೆ, ನಿಮ್ಮ ತಲೆ!

ನಾನು ಹಾಕಿದ್ದು ಒಂದು ಅನುವಾದದ ಟೆಕ್ಸ್ಟ್ ಫೈಲ್. ಐದು ಎಂಬಿ ಕೂಡ ಇಲ್ಲ. ಕಾಪಿ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದೇ ಫೈಲ್ ಸಾಫ್ಟ್‌ವೇರ್ ಒಳಗೆ ಇಂಪೋರ್ಟ್ ಮಾಡಲು ಹೋದರೆ ಆದಿಕಾಂಡ ದಾಟುವಷ್ಟರಲ್ಲೇ ನನಗೆ ಆಕಳಿಕೆ. 119ನೇ ಕೀರ್ತನೆ ಬಂದಾಗಲಂತೂ ಅದರ 176 ವಚನಗಳನ್ನೂ ನಾನೇ ಕೂತು ಟೈಪ್ ಮಾಡಬಹುದಿತ್ತು ಅನ್ನಿಸಿತು.

ಸಪೋರ್ಟ್‌ನವರನ್ನು ಕೇಳಿದ್ದೆ. 'ನಿಮ್ಮ ಕಂಪ್ಯೂಟರ್ ಹಳೆಯದು, ಎಸ್‌ಎಸ್‌ಡಿ ಹಾಕಿಸಿ' ಅಂದರು, ಅಂದರೆ ವೇಗದ ಡಿಸ್ಕ್. ಸರಿ, ಹಳೆಯದೇ. ಆದರೆ ತಪ್ಪು ಅದರದ್ದಲ್ಲ.

ಈ ಸಾಫ್ಟ್‌ವೇರ್ ವಚನಗಳನ್ನು ಕೂಡಿಡುವ ಡೇಟಾಬೇಸ್ ಎಸ್‌ಕ್ಯೂಲೈಟ್. ಅದು ಸೋಮಾರಿಯೇನಲ್ಲ. ಸಾಧಾರಣ ಕಂಪ್ಯೂಟರ್‌ನಲ್ಲೂ ಸೆಕೆಂಡಿಗೆ 50,000 ಸಾಲು ಸೇರಿಸಬಲ್ಲೆ ಅಂತ ಅದರ ದಾಖಲೆಯಲ್ಲೇ ಬರೆದಿದೆ. ಆದರೆ ಇಷ್ಟರಿಂದ ಇಷ್ಟರವರೆಗೆ ಒಂದೇ ಕೆಲಸ ಅಂತ ನಾವು ಹೇಳದಿದ್ದರೆ, ಪ್ರತಿ ಸಾಲನ್ನೂ, ಇಲ್ಲಿ ಪ್ರತಿ ವಚನವನ್ನೂ, ಬೇರೆ ಬೇರೆ ಟ್ರಾನ್ಸಾಕ್ಷನ್, ಅಂದರೆ ಬೇರೆ ಬೇರೆ ಕೆಲಸ ಅಂದುಕೊಳ್ಳುತ್ತದೆ. ಬರೆದದ್ದು ನಿಜವಾಗಿಯೂ ಡಿಸ್ಕ್ ಮೇಲೆ ಕೂತಿತಾ ಅಂತ ಖಾತ್ರಿ ಆಗುವ ತನಕ ಮುಂದಿನದಕ್ಕೆ ಕೈ ಹಾಕುವುದಿಲ್ಲ. ಒಂದು ಗಾಡಿ ಇಟ್ಟಿಗೆ ಇಳಿಸುವಾಗ, ಒಂದು ಇಟ್ಟಿಗೆ ಒಳಗಿಟ್ಟು, ಬೀಗ ಹಾಕಿ, ಬೀಗ ಜಗ್ಗಿ ನೋಡಿ, ಮತ್ತೆ ಬಾಗಿಲು ತೆಗೆದು ಇನ್ನೊಂದು ಇಟ್ಟಿಗೆ ತಂದ ಹಾಗೆ.

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಹೀಗೆ ಸೆಕೆಂಡಿಗೆ ಸುಮಾರು 60 ಸಲ ಬೀಗ ಹಾಕಬಹುದು, ಅಷ್ಟೇ. ಕಿಂಗ್ ಜೇಮ್ಸ್ ಅನ್ನುವ ಹಳೇ ಇಂಗ್ಲಿಷ್ ಅನುವಾದದ ಲೆಕ್ಕದಲ್ಲಿ ವಚನಗಳು 31,102. ಭಾಗಿಸಿ ನೋಡಿ, ಎಂಟೂವರೆ ನಿಮಿಷದ ಮೇಲಾಯಿತು. ಉಳಿದ ಅರ್ಧ ಗಂಟೆ? ಪ್ರತಿ ವಚನಕ್ಕೂ ಹುಡುಕಾಟದ ಇಂಡೆಕ್ಸ್ ತಿದ್ದುವುದು, ಕೆಲಸ ಎಷ್ಟಾಯಿತು ಅಂತ ತೋರಿಸುವ ಆ ಹಸಿರು ಪಟ್ಟಿಯನ್ನು ಪ್ರತಿ ವಚನಕ್ಕೂ ಹೊಸದಾಗಿ ಬಿಡಿಸುವುದು. ಪಟ್ಟಿ ಚೆಂದ ಇತ್ತು, ಸುಳ್ಳು ಹೇಳಬಾರದು.

ಈ ಜಾಗ್ರತೆಯಿಂದ ಒಂದಾದರೂ ಲಾಭ ಆಯಿತಾ ಅಂದರೆ ಅದೂ ಇಲ್ಲ. ಮೂರನೇ ಯೋಹಾನದಲ್ಲಿ ಕಿಂಗ್ ಜೇಮ್ಸ್‌ಗೆ 14 ವಚನ, ಎಷ್ಟೋ ಅನುವಾದಗಳಲ್ಲಿ 15. ಬೈಬಲ್ ಸಾಫ್ಟ್‌ವೇರ್ ಬರೆಯುವವರಿಗೆ ಇದು ಗೊತ್ತಿರಬೇಕು ಅಲ್ವಾ? ಗೊತ್ತಿಲ್ಲದೆ ನಿಂತೇ ಹೋಯಿತು. ಅಷ್ಟರೊಳಗೆ ಬರೆದದ್ದೆಲ್ಲ ಡೇಟಾಬೇಸ್‌ನಲ್ಲಿ ಭದ್ರವಾಗಿ ಕೂತಿದೆ. ಮತ್ತೆ ಇಂಪೋರ್ಟ್ ಮಾಡಿದೆ, ಆದಿಕಾಂಡದ ಒಂದೊಂದು ವಚನವೂ ಎರಡೆರಡು ಸಲ ಬಂತು. ಎಲ್ಲ ಒಂದೇ ಟ್ರಾನ್ಸಾಕ್ಷನ್ ಆಗಿದ್ದರೆ, ಎಡವಿದ ಕೂಡಲೇ ಅಷ್ಟೂ ರದ್ದಾಗಿ ಮೊದಲಿನ ಹಾಗೇ ಇರುತ್ತಿತ್ತು.

ಕೊನೆಗೆ ಸಿಟ್ಟಿಗೆ ನಾನೇ ಕೂತೆ. ಮೊದಲು ಡೇಟಾಬೇಸ್ ಫೈಲಿನ ನಕಲು ಇಟ್ಟುಕೊಂಡೆ, ನನ್ನ ವರ್ಷಗಳ ಟಿಪ್ಪಣಿ ಅದರೊಳಗೇ ಇದೆ. ಅರ್ಧಕ್ಕೆ ನಿಂತ ವಚನಗಳನ್ನು ಅಳಿಸಿ, ಇಂಡೆಕ್ಸ್ ತೆಗೆದೆ. ಮೇಲೆ ಕೆಲಸ ಶುರು ಅನ್ನುವ 'ಬಿಗಿನ್', ಕೆಳಗೆ ಮುಗಿಯಿತು, ಉಳಿಸು ಅನ್ನುವ 'ಕಮಿಟ್', ನಡುವೆ ಎಲ್ಲ ವಚನ. ಆಮೇಲೆ ಇಂಡೆಕ್ಸ್ ಒಂದೇ ಸಲ ಕಟ್ಟಿದೆ. ಡಿಸ್ಕ್ ಖಾತ್ರಿಯನ್ನೇ ಆಫ್ ಮಾಡಿ ಅಂತ ಕೆಲವರು ಹೇಳುತ್ತಾರೆ. ನಡುವೆ ಕರೆಂಟ್ ಹೋದರೆ ಡೇಟಾಬೇಸೇ ಕೆಡಬಹುದು. ನಾನಂತೂ ಅದನ್ನು ಮುಟ್ಟಲಿಲ್ಲ, ಬೇಕೂ ಆಗಲಿಲ್ಲ.

ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅದೇ ಹಳೇ ಕಂಪ್ಯೂಟರ್, ಅದೇ ಹಾರ್ಡ್ ಡಿಸ್ಕ್.

ಎರಡು ಸಾಲು, ಸ್ವಾಮಿ. ಎರಡೇ ಸಾಲು! ಸಪೋರ್ಟ್‌ಗೆ ಆ ಎರಡನ್ನೂ ಬರೆದು ಕಳಿಸಿದ್ದೇನೆ. ಈಗಷ್ಟೇ ಉತ್ತರ ಬಂತು: 'ನಿಮ್ಮ ಬಳಿ ರ‍್ಯಾಮ್ ಎಷ್ಟಿದೆ?'